ಓದುಮನೆ: ಕೂಡಿ ಬಾಳುವ ವಿಶ್ವವಿದ್ಯಾಲಯಕ್ಕಾಗಿ ನಮ್ಮ ಪ್ರಣಾಳಿಕೆ

ಸಂಜೆ ಐದಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಮುಗಿದುಹೋಗುತ್ತವೆ. ಮೇಷ್ಟ್ರು ಬಸ್ಸು ಹತ್ತುತ್ತಾರೆ, ವಿಭಾಗಕ್ಕೆ ಬೀಗ ಬೀಳುತ್ತದೆ, ಹುಡುಗ ಹುಡುಗಿಯರು ಹಾಸ್ಟೆಲಿನ ದಾರಿ ಹಿಡಿಯುತ್ತಾರೆ. ಮರುದಿನ ಬೆಳಗ್ಗೆ ಹತ್ತರವರೆಗೆ ಅವರು ಯಾರ ಶಿಷ್ಯರೂ ಅಲ್ಲ. ದಿನದ ಹದಿನೇಳು ಗಂಟೆ ವಿದ್ಯೆಯ ಲೆಕ್ಕಕ್ಕೇ ಬಾರದೆ ಸೋರಿಹೋಗುತ್ತದೆ.

ಆ ಹದಿನೇಳು ಗಂಟೆಗಳನ್ನು ಮರಳಿ ಪಡೆಯಲು ನಾವು ಕೂಡಿದ್ದೇವೆ. ನಮ್ಮಲ್ಲಿ ಹಾಸ್ಟೆಲಿನ ಅನ್ನ ಉಂಡು ದೊಡ್ಡವರಾದವರಿದ್ದಾರೆ, ಇವತ್ತೂ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರಿದ್ದಾರೆ, ಪಾಠ ಹೇಳುವವರಿದ್ದಾರೆ, ಬೆಳಗಿನ ಜಾವ ಒಲೆ ಹೊತ್ತಿಸುವವರಿದ್ದಾರೆ. ನಾಳೆ ನಮ್ಮ ಜೊತೆ ಸೇರಲಿರುವ ಗೆಳೆಯರೇ, ಗೆಳತಿಯರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇವೆ.

ಹಳೆಯ ವ್ಯವಸ್ಥೆ ಹಾಸ್ಟೆಲನ್ನು ಉಗ್ರಾಣವೆಂದು ತಿಳಿದಿದೆ. ಇಷ್ಟು ಮಂಚ, ಇಷ್ಟು ಸೀಟು, ಇಷ್ಟು ಮೆಸ್ ಬಿಲ್ಲು, ಎರಡು ಹೊತ್ತಿನ ಹಾಜರಿ. ಸರ್ಕಾರಿ ಪದವಿ ಕಾಲೇಜಿನ ವಿದ್ಯಾರ್ಥಿನಿಯ ಓದು ಕಾಲೇಜು ಶಿಕ್ಷಣ ಇಲಾಖೆಗೆ ಸೇರಿದ್ದು. ಅವಳ ಊಟ, ಹಾಸಿಗೆ, ನಿದ್ದೆ ಸಮಾಜ ಕಲ್ಯಾಣಕ್ಕೋ ಹಿಂದುಳಿದ ವರ್ಗಗಳ ಕಲ್ಯಾಣಕ್ಕೋ ಸೇರಿದ್ದು. ಅವಳು ಏನು ಓದುತ್ತಿದ್ದಾಳೆಂದು ವಾರ್ಡನ್‌ಗೆ ಗೊತ್ತಿಲ್ಲ. ಅವಳು ಉಂಡಳೋ ಇಲ್ಲವೋ ಎಂದು ಮೇಷ್ಟ್ರಿಗೆ ಗೊತ್ತಿಲ್ಲ. ಒಂದೇ ಜೀವವನ್ನು ಎರಡು ಕಡತಗಳಲ್ಲಿ ಹರಿದು ಹಾಕಿದ ಈ ಏರ್ಪಾಡಿನ ಕಾಲ ಮುಗಿಯಿತು. ಎರಡು ದಿನ ಬಾಗಿಲು ತೆರೆಯದ ಕೋಣೆಯ ಮುಂದೆ ಒಬ್ಬರೂ ನಿಂತು ಕೇಳದ ಕಟ್ಟಡವನ್ನು ನಿಲಯವೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ನಾವು ಬರಿನೆಲದ ಮೇಲೆ ನಿಂತಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರಷ್ಟು ಹಿಂದೆಯೇ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ, ದೂರದ ಸೀಮೆಗಳಿಂದ ಬಂದು ಓದುವವರಿಗೆ 27 ವಸತಿಗಳಿದ್ದವು. ಅವರು ರಾತ್ರಿ ಓದಲೆಂದು ದೀಪಕ್ಕೂ ಭೂಮಿ ಬಿಟ್ಟಿದ್ದರು. ದೀಪದೆಣ್ಣೆಯನ್ನು ವಿದ್ಯೆಯ ಖರ್ಚೆಂದು ಬರೆದಿಟ್ಟವರಿಗೆ ನಾವು ಮರೆತಿರುವ ಒಂದು ವಿಷಯ ಗೊತ್ತಿತ್ತು. ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನ ವರ್ಣಿಸುವಾಗ ವೇದ, ವ್ಯಾಕರಣ, ದರ್ಶನಗಳ ಪಾಠದ ಪಕ್ಕದಲ್ಲೇ ಹಸಿದವರ ಅನ್ನ, ರೋಗಿಗಳ ಔಷಧ ಬರುತ್ತವೆ. ಪಾಠ, ಅನ್ನ, ಮದ್ದು ಒಂದೇ ಸೂರಿನಡಿ. ಆದರೆ ಅಂಥ ಸೂರುಗಳಡಿ ಕೂತು ಓದುವ ಭಾಗ್ಯ ಎಲ್ಲ ಜಾತಿಗೆ ಇರಲಿಲ್ಲ, ಹೆಣ್ಣಿಗಂತೂ ಇರಲಿಲ್ಲ. ನಾವು ಆ ಕಾಲಕ್ಕೆ ಹಿಂತಿರುಗುವವರಲ್ಲ. ಆ ದೀಪವನ್ನು ಮಾತ್ರ ಎತ್ತಿಕೊಂಡು ಬರುತ್ತೇವೆ.

ನಮ್ಮ ನಿಜವಾದ ಹಿರಿಯರು ಆಮೇಲೆ ಬಂದವರು. ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಉಂಡು, ಬೀದಿದೀಪದಡಿ ಓದಿದ ವಾರಾನ್ನದ ಹುಡುಗರು. ಮಂಗಳೂರಿನಲ್ಲಿ ತನ್ನವರ ಬಹಿಷ್ಕಾರವನ್ನು ಎದುರಿಸಿ ದಲಿತ ಮಕ್ಕಳಿಗೆ ಶಾಲೆ, ವಸತಿ ಕಟ್ಟಿದ ಕುದ್ಮುಲ್ ರಂಗರಾಯರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಸಿದ್ಧಗಂಗಾ ಮಠ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲು; ಸಿದ್ಧಲಿಂಗಯ್ಯನವರು ಅಲ್ಲಿದ್ದ ದಿನಗಳನ್ನು ಅವರ ಆತ್ಮಕಥೆ ‘ಊರು ಕೇರಿ’ಯಲ್ಲಿ ಓದಿದವರಿಗೆ, ಕಿಕ್ಕಿರಿದ ಮಂಚಗಳ ನಡುವೆ ಕವಿಯೊಬ್ಬ ಹೇಗೆ ಬೆಳೆಯುತ್ತಾನೆಂದು ಬೇರೆ ಹೇಳಬೇಕಿಲ್ಲ. ಸಮುದಾಯಗಳು ಪೈಸೆ ಪೈಸೆ ಕೂಡಿಸಿ ಕಟ್ಟಿದ ವಿದ್ಯಾರ್ಥಿ ನಿಲಯಗಳಿಲ್ಲದಿದ್ದರೆ ಹಳ್ಳಿಯ ಮಕ್ಕಳು ಕಾಲೇಜಿನ ಮೆಟ್ಟಿಲು ತುಳಿಯುತ್ತಲೇ ಇರಲಿಲ್ಲ. ಆ ಅನ್ನದ ಋಣ ನಮ್ಮ ಮೇಲಿದೆ.

ಋಣ ತೀರಿಸುವುದೆಂದರೆ ಅವರು ನಿಂತಲ್ಲಿಂದ ಮುಂದಕ್ಕೆ ನಡೆಯುವುದು. ಎಲ್ಲಿ ಮಲಗಲಿ, ಏನು ಉಣ್ಣಲಿ ಎಂಬ ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಯಾರ ಜೊತೆ ಉಣ್ಣಲಿ, ಉಂಡ ಮೇಲೆ ಯಾವ ಮಾತಾಡಲಿ ಎಂಬ ಪ್ರಶ್ನೆ ನಮ್ಮ ಪಾಲಿಗೆ ಉಳಿದಿದೆ. ಒಂದೊಂದು ಜಾತಿಗೆ ಒಂದೊಂದು ಸೂರು ಇದ್ದದ್ದು ಅಂದಿನ ಅನಿವಾರ್ಯ. ಇಂದೂ ಅದೇ ಆದರೆ ಅದು ನಮ್ಮ ಸೋಲು.

ನಾವು ಕಟ್ಟಲಿರುವುದನ್ನು ಓದುಮನೆ ಎಂದು ಕರೆಯುತ್ತೇವೆ. ಎಲ್ಲರಿಗೂ ಎಲ್ಲರ ಹೆಸರು ಗೊತ್ತಿರುವಷ್ಟು ಚಿಕ್ಕದು. ಅರವತ್ತು ಜನ ಮೀರಬಾರದು. ಭೌತಶಾಸ್ತ್ರದವಳು, ಜಾನಪದದವಳು, ಕಾನೂನಿನವಳು ಒಂದೇ ಕೋಣೆಯಲ್ಲಿರುತ್ತಾರೆ. ಕೋಣೆ ಹಂಚುವಾಗ ಜಾತಿ, ಜಿಲ್ಲೆ, ವಿಷಯ ನೋಡಿ ಗುಂಪು ಕಟ್ಟುವುದಿಲ್ಲ, ಗುಂಪು ಒಡೆಯುತ್ತೇವೆ. ಹಿರಿಯನೆಂದು ಕಿರಿಯನನ್ನು ಹಿಂಸಿಸುವ ಹಕ್ಕು ಇಲ್ಲಿ ಹುಟ್ಟುವುದೇ ಇಲ್ಲ, ಏಕೆಂದರೆ ಹೊಸಬನಿಗೆ ಮೊದಲ ವಾರದಿಂದಲೇ ಮನೆಯ ಸಭೆಯಲ್ಲಿ ಸಮಾನ ಮತವಿದೆ.

ಇಲ್ಲಿ ಮೇಷ್ಟ್ರು ವಾಸಿಸುತ್ತಾರೆ. ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ದಶಕಗಳ ಕಾಲ ಬಾಳಿದರು. ಅದನ್ನು ಒಬ್ಬ ಸರಳ ಮನುಷ್ಯನ ಸೋಜಿಗದ ಕಥೆಯಾಗಿ ಹೇಳಿ ಹೇಳಿ ನಾಡು ಅದರಿಂದ ತಪ್ಪಿಸಿಕೊಂಡಿದೆ. ಅದು ಶಿಕ್ಷಣದ ಒಂದು ಕ್ರಮ ಎಂದು ನಾವು ನಂಬುತ್ತೇವೆ. ಎಲ್ಲರೂ ಅವರಂತೆ ಬಾಳನ್ನೇ ಕೊಡಬೇಕಿಲ್ಲ. ಮೂರು ವರ್ಷ ಸಂಸಾರ ಸಮೇತ ಇದೇ ಆವರಣದಲ್ಲಿ ಇದ್ದು, ಇದೇ ಮೇಜಿನಲ್ಲಿ ಉಂಡರೆ ಸಾಕು.

ದೂರದ ಒಂದು ಪ್ರಯೋಗವೂ ನಮ್ಮ ಕಣ್ಮುಂದಿದೆ. ಶಿಕ್ಷಣ ಚಿಂತಕ ಅಲೆಕ್ಸಾಂಡರ್ ಮೈಕಲ್‌ಜಾನ್ 1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಶಿಷ್ಯರನ್ನೂ ಮೇಷ್ಟ್ರನ್ನೂ ಒಂದೇ ಕಟ್ಟಡಕ್ಕೆ ತಂದರು. ಮೊದಲ ವರ್ಷ ಎಲ್ಲರೂ ಕೂಡಿ ಪ್ರಾಚೀನ ಅಥೆನ್ಸನ್ನು ಓದಿದರು, ಎರಡನೆಯ ವರ್ಷ ತಮ್ಮ ಕಾಲದ ಅಮೆರಿಕವನ್ನು. ನಡುವಣ ರಜೆಯಲ್ಲಿ ಪ್ರತಿಯೊಬ್ಬನೂ ತನ್ನ ಸೀಮೆಯನ್ನೇ ಅಧ್ಯಯನ ಮಾಡಬೇಕಿತ್ತು. ಐದೇ ವರ್ಷಕ್ಕೆ, 1932ರಲ್ಲಿ, ಅದು ನಿಂತಿತು. ಆದರೂ ಆ ರಜೆಯ ಪಾಠ ನಮ್ಮದಾಗುತ್ತದೆ. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋದವರು ತಮ್ಮೂರ ಕೆರೆ ಏಕೆ ಬತ್ತಿತು, ಮಗ್ಗ ಏಕೆ ನಿಂತಿತು, ಯಾರ ಹೊಲ ಯಾರ ಪಾಲಾಯಿತು ಎಂದು ಕೇಳಿ ಬರೆದು ತರುತ್ತಾರೆ. ಅರವತ್ತು ಊರುಗಳ ಅರವತ್ತು ಕಥೆಗಳು ಒಂದು ಮೇಜಿನ ಮೇಲೆ ಬಂದಾಗ ಅದಕ್ಕಿಂತ ದೊಡ್ಡ ಪಠ್ಯಪುಸ್ತಕ ಬೇಕಿಲ್ಲ.

ಆ ಮೇಜೇ ನಮ್ಮ ವಿಶ್ವವಿದ್ಯಾಲಯ. ಕನ್ನಡ ಮಾಧ್ಯಮದಿಂದ ಬಂದು, ತರಗತಿಯ ಇಂಗ್ಲಿಷಿನ ಮುಂದೆ ಮೂರು ವರ್ಷ ಬಾಯಿ ಬಿಡದೆ ಕೂತು ಹೋದವರನ್ನು ನಾವು ಬಲ್ಲೆವು. ನಮ್ಮಲ್ಲಿ ಹಲವರು ಅವರೇ. ರಾತ್ರಿ ಊಟವಾದ ಮೇಲೆ ಅವರ ಬಾಯಿ ತೆರೆಯುತ್ತದೆ. ಹಣದುಬ್ಬರವನ್ನು ಅಡಿಕೆ ಧಾರಣೆಯಿಂದ, ತಳಿಶಾಸ್ತ್ರವನ್ನು ಮನೆಯ ಹಸುವಿನ ಕರುವಿನಿಂದ ಅವರು ವಿವರಿಸುವಾಗ ವಿಷಯವೂ ತಿಳಿಯಾಗುತ್ತದೆ, ಕನ್ನಡವೂ ಬೆಳೆಯುತ್ತದೆ. ಕಲಬುರಗಿಯ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಒಂದನ್ನೊಂದು ನಗದೆ ಕೇಳುವುದನ್ನು ಕಲಿಯುತ್ತವೆ. ಶಾಸ್ತ್ರಕ್ಕೆ ಒಗ್ಗುವ ಕನ್ನಡ ಯಾವುದೋ ಪರಿಭಾಷಾ ಸಮಿತಿಯಿಂದ ಬರುವುದಿಲ್ಲ, ರಾತ್ರಿ ಹನ್ನೊಂದರ ಜಗಳದಿಂದ ಬರುತ್ತದೆ.

ಅಡುಗೆಮನೆ ನಮ್ಮ ಮೊದಲ ತರಗತಿ. ಜೋಳದ ರೊಟ್ಟಿ, ರಾಗಿ ಮುದ್ದೆ, ಕುಸುಬಲಕ್ಕಿ ಗಂಜಿ ಸರದಿಯಲ್ಲಿ ಬರುತ್ತವೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಮೈಲಿಗೆಯಾಗುವುದಿಲ್ಲ. ಅಡುಗೆಯವರು ಮನೆಯ ಸಭೆಯಲ್ಲಿ ಕೂರುತ್ತಾರೆ. ರೇಷನ್ನಿನ ಲೆಕ್ಕ ಗೋಡೆಯ ಮೇಲೆ ಇರುತ್ತದೆ. ತಾನು ಉಂಡ ಪಾತ್ರೆಯನ್ನು ತಾನೇ ತೊಳೆಯದ ಮೇಷ್ಟ್ರಿಗೂ ಇಲ್ಲಿ ಜಾಗವಿಲ್ಲ.

ಹೆಣ್ಣುಮಕ್ಕಳ ಗೇಟಿಗೆ ಕತ್ತಲಾಗುತ್ತಲೇ ಬೀಳುವ ಬೀಗವನ್ನು ನಾವು ತೆಗೆಯುತ್ತೇವೆ. ಗಂಡಿಗೆ ರಾತ್ರಿ ತೆರೆದಿರುವ ಗ್ರಂಥಾಲಯ ಹೆಣ್ಣಿಗೆ ಮುಚ್ಚಿದ್ದರೆ ಅವರಿಬ್ಬರ ಅಂಕಪಟ್ಟಿಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ದಾರಿಗೆ ದೀಪ ಬೇಕು, ರಾತ್ರಿ ಬಸ್ಸು ಬೇಕು, ಬೀಗ ಬೇಡ.

ದಿನಾ ಬಸ್ಸಿನಲ್ಲಿ ಊರಿಂದ ಬಂದು ಹೋಗುವವರಿಗೆ, ಪಿಜಿಯ ಗೂಡುಗಳಲ್ಲಿ ಇರುವವರಿಗೆ ಓದುಮನೆಯ ಮೇಜು ತೆರೆದಿರುತ್ತದೆ. ಪ್ರತಿಯೊಂದು ಮನೆಯೂ ಅಂಥ ಕೆಲವರನ್ನು ತನ್ನವರೆಂದು ಬರೆದುಕೊಳ್ಳುತ್ತದೆ.

ಹೊಸ ಕಟ್ಟಡಕ್ಕಾಗಿ ಕಾಯುವುದಿಲ್ಲ. ಧಾರವಾಡದಲ್ಲಿ, ಮಾನಸಗಂಗೋತ್ರಿಯಲ್ಲಿ, ಶಂಕರಘಟ್ಟದಲ್ಲಿ, ಕಲಬುರಗಿಯಲ್ಲಿ ಗೋಡೆಗಳು ಆಗಲೇ ಎದ್ದು ನಿಂತಿವೆ. ತಿಂಗಳ ಮೊದಲ ಭಾನುವಾರ ರಾತ್ರಿ ಊಟ ಮುಗಿದು ತಟ್ಟೆ ತೊಳೆದಾದ ಮೇಲೆ ನಿಮ್ಮ ಹಾಸ್ಟೆಲಿನ ಊಟದ ಹಾಲಿನ ಬೆಂಚುಗಳನ್ನು ಗೋಡೆಗೆ ಸರಿಸಬೇಡಿ, ದುಂಡಗೆ ಜೋಡಿಸಿ. ಅಡುಗೆಯವರನ್ನು ಕೂರಿಸಿ, ಒಬ್ಬ ಮೇಷ್ಟ್ರನ್ನು ಕರೆಯಿರಿ, ನಿಮ್ಮ ಕೋಣೆಯ ಪಕ್ಕದ ಬಾಗಿಲು ತಟ್ಟಿ. ನಾವೂ ಬರುತ್ತೇವೆ.