ಉದ್ಯಾನದಲ್ಲೊಂದು ಗಾನಕಟ್ಟೆ

ಊರಿಗೊಂದು ಗುಡಿ, ಗುಡಿಯ ಮುಂದೊಂದು ಕಟ್ಟೆ, ಕಟ್ಟೆಯ ಮೇಲೊಂದು ಭಜನೆಯ ಮೇಳ: ಇದು ನಮ್ಮ ಹಿರಿಯರು ಹಾಕಿಕೊಟ್ಟ ಏರ್ಪಾಡು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವನು ರಾತ್ರಿ ಅಲ್ಲಿ ಕುಳಿತು ತಾಳ ಹಾಕಿ ದಣಿವನ್ನು ಮರೆಯುತ್ತಿದ್ದನು. ಕೇಳುವದಕ್ಕೆ ಟಿಕೀಟು ಇರಲಿಲ್ಲ, ಹಾಡುವದಕ್ಕೆ ಅಪ್ಪಣೆ ಬೇಕಿರಲಿಲ್ಲ. ಈ ಏರ್ಪಾಡನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಸತ್ಯವನ್ನು ಮುಚ್ಚಿಡುವದು ಪತ್ರಿಕಾಧರ್ಮವಲ್ಲ. ಅದೇ ಕಟ್ಟೆಯ ಸಮೀಪಕ್ಕೆ ಬರಗೊಡದೆ ದೂರ ನಿಲ್ಲಿಸಿದ ಬಾಂಧವರೂ ಅದೇ ಊರಿನಲ್ಲಿದ್ದರು. ಹಾಡು ಗಾಳಿಯಲ್ಲಿ ತೇಲಿ ಅವರ ಕಿವಿಯನ್ನು ಮುಟ್ಟುತ್ತಿತ್ತು; ಅವರಿಗೆ ಮಾತ್ರ ಹಾಡಿನ ಬಳಿಗೆ ಬರುವ ಅಧಿಕಾರವಿರಲಿಲ್ಲ. ಆದುದರಿಂದ ಇಂದಿನ ಕಾಲಕ್ಕೆ ಯಾವ ಜಾತಿಗೂ, ಯಾವ ಮತಕ್ಕೂ ಸೇರದ, ಸರ್ವರ ಕರದ ಹಣದಿಂದ ನಡೆಯುವ ಬೇರೊಂದು ಕಟ್ಟೆ ಬೇಕಾಗಿದೆ. ಅದು ಊರ ಸಾರ್ವಜನಿಕ ಉದ್ಯಾನದಲ್ಲಿಯೇ ಇರತಕ್ಕದ್ದು ಎಂಬದು ನಮ್ಮ ಮತ.

ಏಕಸಂಬಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಇಂದು ಹಳ್ಳಿಗಳಾಗಿ ಉಳಿದಿಲ್ಲ. ಏಕಸಂಬಿಗೂ ಪಟ್ಟಣ ಪಂಚಾಯತಿ ಬಂದಿದೆ. ಇಂಥ ಊರುಗಳಲ್ಲಿ ಉದ್ಯಾನವೆಂದರೆ ನಾಲ್ಕು ಬಾಂಕು, ಒಂದು ಜಾರುಬಂಡೆ, ಸುತ್ತಲೊಂದು ತಂತಿಬೇಲಿ ಎಂಬ ಭಾವನೆ ನೆಲೆಯೂರಿಬಿಟ್ಟಿದೆ. ಮಕ್ಕಳ ಕಾಲಿಗೂ ಮುದುಕರ ಬೆನ್ನಿಗೂ ಅಲ್ಲಿ ಎಡೆಯುಂಟು. ಕಿವಿಗೆ ಮಾತ್ರ ಇಲ್ಲ. ಊರ ಆಡಳಿತವು ಉದ್ಯಾನದಲ್ಲಿ ಒಂದು ಗಾನಕಟ್ಟೆಯನ್ನು ಕಟ್ಟಿಸಬೇಕು. ಕಟ್ಟಿಸಿ ಸುಮ್ಮನಿರದೆ ವಾರಕ್ಕೊಂದು ಸಂಜೆ ಅಲ್ಲಿ ಹಾಡಿಕೆಯನ್ನು ನಡೆಸಬೇಕು. ಹಾಡಿದವರಿಗೆ ಯೋಗ್ಯವಾದ ಸಂಭಾವನೆಯನ್ನು ತನ್ನ ಬೊಕ್ಕಸದಿಂದಲೇ ಕೊಡಬೇಕು. ಇಷ್ಟೇ ನಮ್ಮ ಸೂಚನೆ.

ಇದು ಹೊಸತಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನವು 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದ ಸ್ಯಾಂಕಿಯವರ ಕಾಲಕ್ಕೆ ರೂಪುಗೊಂಡಿತು. ಅದರಲ್ಲಿ 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಎಂಟು ಮೂಲೆಯ ವಾದ್ಯಮಂಟಪವು ಇಂದಿಗೂ ನಿಂತಿದೆ. ಲಾಲಬಾಗಿನಲ್ಲಿಯೂ ಅಂಥದೊಂದು ಮಂಟಪವುಂಟು. ಅಂದು ಕಬ್ಬನ್ ಉದ್ಯಾನದಲ್ಲಿ ಮೊಳಗಿದ್ದು ದಂಡಿನವರ ಪಾಶ್ಚಾತ್ಯ ವಾದ್ಯ. ಅದು ಮುಖ್ಯವಾಗಿ ಆಳುವವರ ವಿನೋದಕ್ಕಾಗಿ ಹುಟ್ಟಿದ್ದು ಎಂಬದನ್ನು ನಾವು ಬಲ್ಲೆವು. ಆದರೆ ಆಳುವವರು ಹೋದರೂ ಮಂಟಪ ಉಳಿಯಿತು. ಅದು ಈಗ ಪ್ರಜೆಗಳ ಸ್ವತ್ತು. ಪರಕೀಯರು ತಮ್ಮ ಜನಕ್ಕಾಗಿ ತೋರಿಸಿದ ಆಸ್ಥೆಯನ್ನು ನಾವು ನಮ್ಮ ಜನಕ್ಕಾಗಿ ತೋರಿಸಲಾರೆವೇ? ಆ ಮಂಟಪವು ಇನ್ನೊಂದು ಪಾಠವನ್ನೂ ಹೇಳುತ್ತದೆ. ನುಡಿಸುವ ದಂಡು ತೆರಳಿದೊಡನೆ ವಾರವಾರದ ವಾಡಿಕೆ ತಪ್ಪಿತು. ಕಂಬ ಉಳಿದರೂ ನಾದ ಉಳಿಯಲಿಲ್ಲ. ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟರೆ ಸಾಲದು. ನಾದಕ್ಕೆ ವರುಷವರುಷವೂ ಕೊಡಬೇಕು.

ಹೊರನಾಡಿನ ಒಂದು ಉದಾಹರಣೆಯನ್ನೂ ವಾಚಕರ ಮುಂದಿಡುವೆವು. ನ್ಯೂಯಾರ್ಕ ನಗರದ ಸೆಂಟ್ರಲ್ ಪಾರ್ಕಿನಲ್ಲಿ 1905ರಲ್ಲಿ ಎಲ್ಕನ್ ನಾಂಬರ್ಗ್ ಎಂಬ ಸಾಹುಕಾರನು ಜನರಿಗೆ ಪುಕ್ಕಟೆಯಾಗಿ ವಾದ್ಯಗೋಷ್ಠಿಗಳನ್ನು ನಡೆಸುವ ಪದ್ಧತಿಯನ್ನು ಆರಂಭಿಸಿದನು. ಆತನೇ ಕೊಟ್ಟ ಕಲ್ಲಿನ ಮಂಟಪವು 1923ರಲ್ಲಿ ಸಿದ್ಧವಾಯಿತು. ಆ ಗೋಷ್ಠಿಗಳ ಪರಂಪರೆ ನೂರು ವರುಷ ದಾಟಿ ಇಂದಿಗೂ ಜೀವಂತವಾಗಿದೆ. ನಮ್ಮ ಸೀಮೆಯಲ್ಲಿ ಸಕ್ಕರೆ ಕಾರಖಾನೆಗಳಿಗೂ ಸಹಕಾರಿ ಸಂಘಗಳಿಗೂ ಕೊರತೆಯಿಲ್ಲ. ದಾನಕ್ಕೆ ಕೈ ಚಾಚುವ ಮೊದಲು ಪಂಚಾಯತಿಯು ತಾನು ಹೆಜ್ಜೆ ಇಡಬೇಕು, ಅಷ್ಟೇ.

ನಮ್ಮ ಈ ಸೀಮೆಯು ಸಂಗೀತಕ್ಕೆ ಬಡವಾದುದಲ್ಲ. ಉತ್ತರಕ್ಕೆ ಮಿರಜೆ. ಅಲ್ಲಿ ಸೋರೆಬುರುಡೆಯಿಂದ ತಂಬೂರಿ, ಸಿತಾರಗಳನ್ನು ಮಾಡುವ ಕುಶಲಿಗರ ಮನೆತನಗಳಿವೆ. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅಲ್ಲಿಯೇ ಉಸ್ತಾದ ಅಬ್ದುಲ್ ಕರೀಮ ಖಾನರು ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಮೇಲೆ ಅವರ ದೇಹವು ಮೀರಾಸಾಹೇಬರ ದರ್ಗೆಯ ಆವರಣದಲ್ಲಿಯೇ ವಿಶ್ರಮಿಸಿತು. ದರ್ಗೆಯ ಉರುಸಿನಲ್ಲಿ ವರುಷಕ್ಕೊಮ್ಮೆ ಗವಾಯಿಗಳು ಬಂದು ಹಾಡಿಕೆಯ ಸೇವೆ ಸಲ್ಲಿಸುವರು. ಪಶ್ಚಿಮಕ್ಕೆ ಕೊಲ್ಹಾಪುರ. ಶಾಹೂ ಮಹಾರಾಜರು 1912ರಲ್ಲಿ ಕುಸ್ತಿಗಾಗಿ ಖಾಸಬಾಗ ಮೈದಾನವನ್ನೂ 1915ರಲ್ಲಿ ಅದರ ಮಗ್ಗುಲಲ್ಲಿಯೇ ನಾಟ್ಯಗೃಹವನ್ನೂ ಕಟ್ಟಿಸಿದರು. ಮೈಗೆ ಒಂದು, ಮನಸ್ಸಿಗೆ ಒಂದು! ಆ ನಾಟ್ಯಗೃಹವು 2024ರ ಆಗಸ್ಟ 8ರ ರಾತ್ರಿ ಬೆಂಕಿಗೆ ಆಹುತಿಯಾದಾಗ ಊರಿಗೆ ಊರೇ ಮರುಗಿತು. ಒಂದು ರಂಗಸ್ಥಳವು ಜನರ ಬಾಳಿನಲ್ಲಿ ಎಷ್ಟು ಆಳಕ್ಕೆ ಬೇರು ಬಿಡುವದೆಂಬದಕ್ಕೆ ಬೇರೆ ಪ್ರಮಾಣ ಬೇಕೇ? ಈಚೆಗೆ ನಮ್ಮ ಗೋಕಾಕ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ. ಆ ಆಟದಿಂದ ಮನೆಮಾತಾದವರು ಕೌಜಲಗಿಯ ನಿಂಗಮ್ಮ. ಊರೂರಿಗೂ ಬೀರಪ್ಪನ ಡೊಳ್ಳಿನ ಹಾಡಿಕೆ, ಗೀಗೀ ಪದ, ತತ್ತ್ವಪದ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕನೇ ಮುಂದೆ ಕುಮಾರ ಗಂಧರ್ವರಾದರು.

ಹಾಗಾದರೆ ಕೊರತೆ ಯಾವುದು? ಪೋಷಕನದು. ಹಿಂದೆ ಸಂಗೀತವನ್ನು ಸಾಕಿದವರು ಅರಸರು, ಮಠಗಳು, ದರ್ಗೆಗಳು, ನಾಟಕ ಮಂಡಳಿಗಳು. ಅರಸನ ಆಶ್ರಯವು ದೊಡ್ಡದಾದರೂ ಒಬ್ಬನ ಆಯುಷ್ಯಕ್ಕೆ ಕಟ್ಟುಬಿದ್ದದ್ದು. 1922ರಲ್ಲಿ ಶಾಹೂ ಮಹಾರಾಜರು ತೀರಿಕೊಂಡ ಬಳಿಕ, ಅವರ ಆಸ್ಥಾನದ ರತ್ನವಾಗಿದ್ದ ಅಲ್ಲಾದಿಯಾ ಖಾನರು ಕೊಲ್ಹಾಪುರ ಬಿಟ್ಟು ಮುಂಬಯಿಯನ್ನು ಸೇರಿದರು. ಅರಸ ಹೋದರೆ ಗವಾಯಿ ಊರು ಬಿಡುವನು. ಆದರೆ ಊರೇ ಪೋಷಕನಾದರೆ ಅದಕ್ಕೆ ಮರಣವಿಲ್ಲ. ನಾವು ಪ್ರಜಾಪ್ರಭುತ್ವವನ್ನು ತಂದೆವು. ಅರಸನ ಕಿರೀಟವನ್ನು ಕಿತ್ತು ಪ್ರಜೆಯ ತಲೆಯ ಮೇಲಿಟ್ಟ ಮೇಲೆ, ಅರಸನಿಗಿದ್ದ ಕರ್ತವ್ಯಗಳನ್ನೂ ಪ್ರಜೆಯೇ ಹೊರಬೇಕಲ್ಲವೇ?

ಪುಕ್ಕಟೆಯ ಹಾಡಿನಿಂದ ಏನಾಗುವದೆಂದು ಕೇಳುವವರಿಗೆ ನಾವು ಇಬ್ಬರು ಮಕ್ಕಳ ಕತೆಯನ್ನು ನೆನಪಿಸುವೆವು. ಧಾರವಾಡದ ಬೀದಿಯಲ್ಲಿ ಗ್ರಾಮಫೋನಿನ ದನಿ ಕಿವಿಗೆ ಬಿದ್ದೊಡನೆ ಒಬ್ಬ ಹುಡುಗಿ ಆಟ ಬಿಟ್ಟು ಅತ್ತ ಓಡುತ್ತಿದ್ದಳು. ಗದಗಿನ ಒಬ್ಬ ಹುಡುಗನು ಅಬ್ದುಲ್ ಕರೀಮ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾಗಿ, 1933ರಲ್ಲಿ, ಇನ್ನೂ ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೋದನು. ಆ ಹುಡುಗಿ ಗಂಗೂಬಾಯಿ ಹಾನಗಲ್ಲ. ಆ ಹುಡುಗ ಭೀಮಸೇನ ಜೋಶಿ. ಇಬ್ಬರ ಕಿವಿಯನ್ನೂ ತೆರೆದದ್ದು ಟಿಕೀಟಿನ ಸಭಾಗೃಹವಲ್ಲ, ಹಾದಿಯ ಹಾಡು. ಮುಂದೆ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ಆ ಗುರುವಿನ ಸ್ಮರಣೆಗಾಗಿ 1953ರಿಂದ ನಡೆದುಬಂದ ಅತಿ ದೊಡ್ಡ ಉತ್ಸವವು ಪುಣೆಯಲ್ಲಿದೆ. ಪುಣೆಯ ರಸಿಕತೆಗೆ ನಮ್ಮ ನಮಸ್ಕಾರ. ಆದರೆ ಗುರುವೂ ಕನ್ನಡಿಗ, ಶಿಷ್ಯನೂ ಕನ್ನಡಿಗ, ಉತ್ಸವದ ಹಂದರ ಮಾತ್ರ ಪುಣೆಯದು ಎಂಬಾಗ ನಮ್ಮ ಊರುಗಳು ಒಮ್ಮೆ ತಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಡವೇ?

ಬಯಲ ಹಾಡಿನ ಬಲವನ್ನು ನಮ್ಮ ಜಿಲ್ಲೆಯೇ ಒಮ್ಮೆ ಕಣ್ಣಾರೆ ಕಂಡಿದೆ. 1924ರ ಡಿಸೆಂಬರದಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನಡೆದಾಗ, ಅಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿತು. ಬಾಲಕಿ ಗಂಗೂಬಾಯಿಯವರು ಸ್ವಾಗತದ ಹಾಡು ಹಾಡಿದರು. ಮೈಸೂರಿನ ವೀಣೆ ಶೇಷಣ್ಣನವರು ವೀಣೆ ನುಡಿಸಿದರು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದೇ ಹಂದರದ ಕೆಳಗೆ ಕುಳಿತು ಒಂದೇ ಹಾಡನ್ನು ಕೇಳಿದರು. ನಾಡು ಒಂದಾಗಲು ಇನ್ನೂ 32 ವರುಷ ಹಿಡಿಯಿತು. ಕಿವಿಗಳು ಅಂದೇ ಒಂದಾದವು. 2024ರಲ್ಲಿ ಆ ಅಧಿವೇಶನದ ಶತಮಾನೋತ್ಸವಕ್ಕೆ ಬೆಳಗಾವಿಯನ್ನು ದೀಪಗಳಿಂದ ಸಿಂಗರಿಸಿದರು. ಯೋಗ್ಯವೇ. ಆದರೆ ದೀಪಗಳನ್ನು ಇಳಿಸಿಯಾಯಿತು. ಇಳಿಸದೆ ಉಳಿಯುವ ಸ್ಮಾರಕ ಬೇಕಾದರೆ ಜಿಲ್ಲೆಯ ಒಂದೊಂದು ಪಟ್ಟಣದಲ್ಲಿಯೂ ಒಂದೊಂದು ಗಾನಕಟ್ಟೆ ಏಳಲಿ.

ಇನ್ನು ಆಕ್ಷೇಪಗಳು. “ಕುಡಿಯುವ ನೀರಿಲ್ಲ, ಗಟಾರ ಬಳಿದಿಲ್ಲ, ಇವರಿಗೆ ಹಾಡು ಬೇಕಂತೆ” ಎನ್ನುವವರುಂಟು. ನೀರು ಮೊದಲೆಂಬದನ್ನು ನಾವು ಒಪ್ಪುವೆವು. ಆದರೆ ಹಾಡು ಬೇಡವೆಂದ ಊರಲ್ಲಿ ಗಟಾರ ಸ್ವಚ್ಛವಾದದ್ದನ್ನು ನಾವು ಕಂಡಿಲ್ಲ! ಕಾಯದೆಯ ಮಾತೂ ನಮ್ಮ ಪಕ್ಷದಲ್ಲಿದೆ. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ 1ರಿಂದ ಜಾರಿಗೆ ಬಂದಾಗ, ಪಟ್ಟಣಗಳ ಆಡಳಿತಕ್ಕೆ ವಹಿಸಿಕೊಡತಕ್ಕ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಬರೆಯಲಾಯಿತು. ಅದರಲ್ಲಿ ನೀರೂ ಇದೆ, ನೈರ್ಮಲ್ಯವೂ ಇದೆ. 12ನೆಯ ವಿಷಯವು ಉದ್ಯಾನ, ತೋಟ, ಆಟದ ಬಯಲುಗಳದು. ಅದಕ್ಕೆ ಅಂಟಿಕೊಂಡೇ 13ನೆಯದು ಸಂಸ್ಕೃತಿ, ಶಿಕ್ಷಣ, ಸೌಂದರ್ಯಾಭಿರುಚಿಗಳ ಸಂವರ್ಧನೆಯದು. ಕಾಯದೆಯ ಪುಟದಲ್ಲಿ ನೆರೆಹೊರೆಯಾಗಿರುವ ಇವೆರಡನ್ನು ಊರಿನ ನೆಲದಲ್ಲಿಯೂ ನೆರೆಹೊರೆಯಾಗಿಸಿರೆಂದಷ್ಟೇ ನಾವು ಕೇಳುವದು.

ಗದ್ದಲವಾಗುವದೆಂಬದು ಎರಡನೆಯ ಆಕ್ಷೇಪ. ಮೆರವಣಿಗೆಯ ಡಾಲ್ಬಿಯಿಂದ ಎದೆ ನಡುಗಿಸಿಕೊಂಡು, ಕಿಡಿಕಿ ಬಾಗಿಲು ಬಡಿದಾಡುವದನ್ನು ಸಹಿಸಿಕೊಂಡ ಊರು ತಂಬೂರಿಗೆ ಅಂಜುವದು ವಿಚಿತ್ರವೇ ಸರಿ. ಆದರೂ ನಿಯಮ ಎಲ್ಲರಿಗೂ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೇರೆ. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ತಡೆ. ಗಾನಕಟ್ಟೆಯು ಸಂಜೆ 6ಕ್ಕೆ ಆರಂಭಿಸಿ ಎಂಟೂವರೆಗೆ ಮುಗಿಸಲಿ. ಹಿಂದಿನ ಗೋಡೆಯನ್ನು ಒಳಬಾಗಿಸಿ ಕಟ್ಟಿದರೆ ದನಿ ತಾನಾಗಿ ಮುಂದಕ್ಕೆ ಬರುವದು. ಯಂತ್ರದ ಕೆಲಸ ಅರ್ಧ ಉಳಿಯುವದು. ಕುಡುಕರೂ ಇಸ್ಪೀಟಿನವರೂ ಸೇರುವರೆಂಬ ಭಯಕ್ಕೆ ನಮ್ಮ ಉತ್ತರವಿಷ್ಟೇ: ಅವರು ಸೇರುವದು ಕತ್ತಲೆಯ ಬರಿದಾದ ಉದ್ಯಾನದಲ್ಲಿ, ತಾಯಂದಿರೂ ಮಕ್ಕಳೂ ಕುಳಿತು ಹಾಡು ಕೇಳುವ ಉದ್ಯಾನದಲ್ಲಲ್ಲ.

ಯಾವ ಭಾಷೆಯಲ್ಲಿ ಹಾಡಬೇಕು? ಈ ಗಡಿಸೀಮೆಯಲ್ಲಿ ಇದು ಬಂದೇ ಬರುವ ಪ್ರಶ್ನೆ, ನಾವು ಜಾರಿಕೊಳ್ಳುವದಿಲ್ಲ. ಕನ್ನಡ ನಾಡಿನ ಉದ್ಯಾನದಲ್ಲಿ ಕನ್ನಡದ ವಚನ, ದಾಸರ ಪದ, ಶರೀಫರ ಹಾಡು, ಡೊಳ್ಳಿನ ಪದಗಳಿಗೆ ಅಗ್ರಸ್ಥಾನ ಇರತಕ್ಕದ್ದು. ಕಾರ್ಯಕ್ರಮದ ಹಲಗೆಯ ಬರಹವೂ ಕನ್ನಡದಲ್ಲಿಯೇ ಇರಲಿ. ಆದರೆ ಅದೇ ಕಟ್ಟೆಯ ಮೇಲೆ ನೆರೆಮನೆಯವನು ತುಕಾರಾಮರ ಅಭಂಗವನ್ನು ಹಾಡಿದರೆ ಕನ್ನಡ ಕುಗ್ಗುವದಿಲ್ಲ. ಪಂಢರಪುರದ ವಿಠಲನನ್ನು ಹಾಡಿದವರು ನಮ್ಮ ಹರಿದಾಸರೂ ಹೌದು. ಮನ್ಸೂರ ಮಲ್ಲಿಕಾರ್ಜುನರು ಅಲ್ಲಾದಿಯಾ ಖಾನರ ಮಕ್ಕಳಿಂದ ವಿದ್ಯೆ ಪಡೆದು ಕನ್ನಡದ ವಚನಗಳನ್ನು ಹಾಡಿ ಬೆಳಗಿದರು. ನಮ್ಮ ಕನ್ನಡಾಭಿಮಾನವು ಇನ್ನೊಬ್ಬರ ಬಾಯಿ ಮುಚ್ಚುವದರಿಂದಲ್ಲ, ನಮ್ಮ ಕೊರಳನ್ನು ತೆರೆಯುವದರಿಂದ ಬೆಳೆಯಬೇಕು. ಗಡಿಯ ಜನರು ಕನ್ನಡವನ್ನು ಫಲಕದ ಮೇಲೆ ಓದುವದಕ್ಕಿಂತ ವಾರವಾರ ಒಳ್ಳೆಯ ಕೊರಳಿನಿಂದ ಕೇಳಿದರೆ ಅದು ಅವರ ಮನೆಯನ್ನು ಹೊಗುವದು.

ಕೊನೆಯದಾಗಿ ನಡಾವಳಿ. ಆಳಿನ ಸೊಂಟದೆತ್ತರದ ಕಲ್ಲಿನ ಕಟ್ಟೆ, ಮಳೆಗೆ ಮಾಡು, ತಬಲಾ ಪೇಟಿಗಳಿಗೆ ಬೀಗವಿರುವ ಒಂದು ಕೋಣೆ, ಹೆಂಗಸರಿಗೆ ಶೌಚಗೃಹ, ಸುತ್ತಲೂ ಬೇವಿನ ನೆರಳು, ಇಷ್ಟು ಸಾಕು. ಶಾಲಾಮಾಸ್ತರರು, ಸಂಗೀತ ಬಲ್ಲವರು, ಹೆಣ್ಣುಮಕ್ಕಳು ಸೇರಿದ ಒಂದು ಚಿಕ್ಕ ಮಂಡಳಿಯು ವರುಷದ ಕಾರ್ಯಕ್ರಮವನ್ನು ಮೊದಲೇ ಗೊತ್ತುಮಾಡಿ ಸಾರಲಿ. ಮೊದಲ ಅರ್ಧ ತಾಸು ಶಾಲೆಯ ಮಕ್ಕಳಿಗೆ ಮೀಸಲಿರಲಿ. ಹಾಡಿದವರ ಸಂಭಾವನೆ ಅದೇ ಸಂಜೆ ಸಲ್ಲಲಿ. ಕಲಾವಿದನನ್ನು ಬಿಲ್ಲಿಗಾಗಿ ಕಚೇರಿಯ ಮೆಟ್ಟಿಲು ಹತ್ತಿಸುವದು ಊರಿಗೆ ಅಪಮಾನ. ದಾನಿಗಳ ಹೆಸರು ಕಲ್ಲಿನಲ್ಲಿರಲಿ, ಹಾಡುವವನ ಬೆನ್ನ ಹಿಂದಿನ ಪರದೆಯ ಮೇಲೆ ಬೇಡ. ಯಾವ ಮುಂದಾಳುವಿನ ಭಾಷಣವೂ, ಯಾರೇ ಆಗಲಿ, ಐದು ನಿಮಿಷ ಮೀರದಿರಲಿ. ಈ ಕೊನೆಯ ನಿಯಮವೊಂದನ್ನು ಪಾಲಿಸಿದರೆ ಗಾನಕಟ್ಟೆಯು ನೂರು ವರುಷ ಬಾಳುವದೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಮೊದಲ ವಾರ ಇಪ್ಪತ್ತು ಜನ ಬಂದಾರು. ಎರಡನೆಯ ವಾರ ಮಳೆ ಬಂದೀತು. ಅಂಜಬಾರದು. ಜನರ ಅಭಿರುಚಿ ಕೆಟ್ಟಿದೆಯೆಂದು ದೂರುವ ಸುಶಿಕ್ಷಿತರು ಮನೆಯಲ್ಲಿ ಕುಳಿತು ದೂರದೆ ಅಂದಿನ ಸಂಜೆ ಹೆಂಡತಿ ಮಕ್ಕಳೊಡನೆ ಬಂದು ಹುಲ್ಲಿನ ಮೇಲೆ ಕುಳಿತುಕೊಳ್ಳಲಿ. ಪಂಚಾಯತಿಯ ಸದಸ್ಯರು ಮುಂದಿನ ಅಂದಾಜುಪತ್ರಿಕೆಯಲ್ಲಿ ಇದಕ್ಕಾಗಿ ಒಂದು ಸಾಲನ್ನು ಬರೆಯಲಿ. ಬೇಲಿಯ ಆಚೆ ನಿಂತು ಕೇಳುವ ಹುಡುಗ ಹುಡುಗಿಯರಲ್ಲಿ ನಾಳೆಯ ಗಂಗೂಬಾಯಿ ಯಾರು, ಭೀಮಸೇನ ಯಾರು ಎಂಬದು ಇಂದು ಯಾರಿಗೂ ತಿಳಿಯದು. ಅವರನ್ನು ಬೇಲಿಯ ಒಳಗೆ ಕರೆದು ಕೂಡ್ರಿಸುವದು ನಮ್ಮ ಕೈಯಲ್ಲಿದೆ.