ಓರೆಗೆರೆಯ ಎಡಕ್ಕೆ ಅವಿತ ರುಚಿ

‘ಅಜಿನೊಮೊಟೊ ಹಾಕ್ತೀರಾ?’ ಗೋಬಿ ಮಂಚೂರಿ ಗಾಡಿಯ ಮುಂದೆ ಕೇಳುವ ಈ ಪ್ರಶ್ನೆಯನ್ನು ನಮ್ಮವರು ಜಪಾನಿಗೂ ಹೊತ್ತೊಯ್ಯುತ್ತಾರೆ. ಕಂಪನಿಯೊಂದರ ಹೆಸರು ಇಲ್ಲಿ ವಸ್ತುವಿನ ಹೆಸರೇ ಆಗಿಬಿಟ್ಟಿದೆ. ಬಾಣಸಿಗರ ಬಾಯಲ್ಲಿ ಅದು ಟೇಸ್ಟಿಂಗ್ ಪೌಡರ್. ಆ ಕಂಪನಿಯ ತವರಿನಲ್ಲಿ ಮಾತ್ರ ಈ ಪ್ರಶ್ನೆಯಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ‘ಇಲ್ಲ’ ಎಂದು ಸುಳ್ಳಾಡದೆ ಹೇಳಿಯೂ ಪೊಟ್ಟಣದ ತುಂಬ ಗ್ಲುಟಮೇಟ್ ತುಂಬುವ ದಾರಿಗಳು ಅಲ್ಲಿ ಕಾನೂನುಬದ್ಧವಾಗಿಯೇ ಇವೆ.

ಜಪಾನಿ ಅಡುಗೆಯ ಬುನಾದಿ ದಾಶಿ ಎಂಬ ತಿಳಿರಸ. ಕೊಂಬು ಎಂಬ ಕಡಲಪಾಚಿಯನ್ನು ನೆನೆಸಿ, ಬಿಸಿ ಮಾಡಿ, ಹೊಗೆಯಲ್ಲಿ ಒಣಗಿಸಿ ಹೆರೆದ ಕತ್ಸುವೊಬುಶಿ ಮೀನಿನ ಚಕ್ಕೆ ಹಾಕಿ ಸೋಸಿದರೆ ದಾಶಿ ಸಿದ್ಧ. ಟೋಕಿಯೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ 1908ರಲ್ಲಿ ಕೊಂಬುವಿನಿಂದ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಮರುವರ್ಷವೇ ಅದರ ಸೋಡಿಯಂ ಲವಣ (ಎಂಎಸ್‌ಜಿ) ಮಾರುಕಟ್ಟೆಗೆ ಬಂತು. 1913ರಲ್ಲಿ ಇಕೆಡಾ ಅವರ ಶಿಷ್ಯ ಶಿಂತಾರೊ ಕೊಡಾಮಾ ಕತ್ಸುವೊಬುಶಿಯ ರುಚಿಯ ಮೂಲ ಇನೊಸಿನೇಟ್ ಎಂದು ತೋರಿಸಿದರು. 1957ರ ಹೊತ್ತಿಗೆ ಅಕಿರಾ ಕುನಿನಾಕಾ, ಒಣ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್‌ಗೂ ಇದೇ ಗುಣವಿದೆ ಎಂದು ಕಂಡುಕೊಂಡರು. ಇವು ಗ್ಲುಟಮೇಟ್ ಜೊತೆ ಸೇರಿದರೆ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ ಎಂಬುದನ್ನೂ ಅವರು ಗುರುತಿಸಿದರು. ಇಂದಿನ ಉದ್ಯಮ ನಿಂತಿರುವುದು ಈ ಲೆಕ್ಕದ ಮೇಲೆಯೇ. ಜಪಾನಿನಲ್ಲಿ ಮಾರಾಟವಾಗುವ ಅಜಿನೊಮೊಟೊ ಪುಡಿಯಲ್ಲೇ ಶೇ 97.5ರಷ್ಟು ಗ್ಲುಟಮೇಟ್, ಉಳಿದ ಶೇ 2.5ರಷ್ಟು ಇನೊಸಿನೇಟ್, ಗ್ವಾನಿಲೇಟ್ ಬಗೆಯ ವಸ್ತು.

ಸಾಮಾನ್ಯ ದಾಶಿ ಪುಡಿಯ ಪೊಟ್ಟಣವೊಂದನ್ನು ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಉಪ್ಪು, ಸಕ್ಕರೆ, ಕತ್ಸುವೊಬುಶಿ ಪುಡಿ, ಕತ್ಸುವೊ ಎಕಿಸು, ಕೋಬೋ ಎಕಿಸು / ಚೋಮಿರ್ಯೋ (ಅಮಿನೋಸಾನ್ ತೋ). ನಡುವಿನ ಓರೆಗೆರೆಯೇ ಇಲ್ಲಿ ಮುಖ್ಯ. 2015ರಲ್ಲಿ ಜಾರಿಗೆ ಬಂದು 2020ರ ಏಪ್ರಿಲ್‌ನಿಂದ ಎಲ್ಲರಿಗೂ ಕಡ್ಡಾಯವಾದ ಆಹಾರ ಲೇಬಲ್ ನಿಯಮದಂತೆ ಆಹಾರ ಪದಾರ್ಥ ಮತ್ತು ಸೇರ್ಪಡೆ ಪದಾರ್ಥಗಳನ್ನು ಬೇರೆ ಬೇರೆಯಾಗಿಯೇ ತೋರಿಸಬೇಕು. ಕೆಲವರು ಹೊಸ ಸಾಲಿನಲ್ಲಿ ಬರೆಯುತ್ತಾರೆ, ಹೆಚ್ಚಿನವರು ಓರೆಗೆರೆ ಎಳೆಯುತ್ತಾರೆ. ಗೆರೆಯ ಎಡಕ್ಕೆ ಆಹಾರ, ಬಲಕ್ಕೆ ಸೇರ್ಪಡೆ. ಎರಡೂ ಕಡೆ ತೂಕ ಹೆಚ್ಚಿರುವುದು ಮೊದಲು.

ಬಲಬದಿಯ ‘ಚೋಮಿರ್ಯೋ’ ಎಂದರೆ ರುಚಿಕಾರಕ. ಆವರಣದೊಳಗಿನದು ಅದರ ಗುಂಪು: ಅಮೈನೊ ಆಮ್ಲ ಇತ್ಯಾದಿ. ಎರಡು ಮೂರು ಗುಂಪಿನ ವಸ್ತುಗಳನ್ನು ಬೆರೆಸಿದ್ದರೆ ಮುಖ್ಯ ಗುಂಪಿನ ಹೆಸರು ಹೇಳಿ, ಮಿಕ್ಕದ್ದನ್ನು ‘ತೋ’ ಎಂಬ ಒಂದಕ್ಷರದೊಳಗೆ ತುಂಬಲು ಕಾನೂನೇ ಅವಕಾಶ ಕೊಟ್ಟಿದೆ. ಯಾವುದು, ಎಷ್ಟು ಬಗೆ ಎಂಬುದು ಗ್ರಾಹಕನಿಗೆ ತಿಳಿಯುವುದಿಲ್ಲ. ಈ ವಿಷಯದಲ್ಲಿ ನಮ್ಮೂರಿನ ಆಲೂಗಡ್ಡೆ ಚಿಪ್ಸ್ ಪೊಟ್ಟಣವೇ ವಾಸಿ. ಅದರಲ್ಲಿ ರುಚಿವರ್ಧಕ 627, 631 ಎಂದು ಬಿಡಿಬಿಡಿಯಾಗಿ ಸಂಖ್ಯೆ ಕೊಟ್ಟಿರುತ್ತಾರೆ. ಶಿಸ್ತಿಗೆ ಹೆಸರಾದ ದೇಶದ ಲೇಬಲ್ ನಮ್ಮದಕ್ಕಿಂತ ಕಡಿಮೆ ಹೇಳುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಇಷ್ಟಾದರೂ ಬಲಬದಿಯಲ್ಲಿರುವುದು ಕಣ್ಣಿಗೆ ಬೀಳುತ್ತದೆ. ತೊಡಕಿರುವುದು ಎಡಬದಿಯಲ್ಲಿ. ಕೋಬೋ ಎಕಿಸು ಎಂದರೆ ಯೀಸ್ಟ್‌ನ ಸಾರ. ಯೀಸ್ಟ್ ಕೋಶಗಳನ್ನು ಒಡೆದು ತೆಗೆದ ಈ ರಸದಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಇನೊಸಿನೇಟ್, ಗ್ವಾನಿಲೇಟ್ ಹೆಚ್ಚಿರುವಂತೆ ಸಿದ್ಧಪಡಿಸಿದ ಬಗೆಗಳೂ ಸಿಗುತ್ತವೆ. ಸೋಯಾ, ಗೋಧಿಯ ಪ್ರೋಟೀನನ್ನು ಆಮ್ಲದಿಂದಲೋ ಕಿಣ್ವದಿಂದಲೋ ಒಡೆದು ಮಾಡಿದ ‘ತಂಪಾಕು ಕಸುಯಿ ಬುಂಕಾಯಿಬುತ್ಸು’ವಿನ ಕೆಲಸವೂ ಇದೇ. ಜಪಾನಿನ ಕಾನೂನಿನ ಕಣ್ಣಲ್ಲಿ ಇವೆರಡೂ ಸೇರ್ಪಡೆಗಳಲ್ಲ, ಆಹಾರ! ಕ್ಯುಷು ಕಡೆಯ ಸಿಹಿ ಸೋಯಾ ಸಾಸ್‌ನಲ್ಲಿ ಕಾಣುವ ‘ಅಮಿನೋಸಾನ್ ಎಕಿ’ ಕೂಡ ಇದೇ ಜಾತಿಯದು. ಸೋಯಾ ಸಾಸ್ ಕೊಳ್ಳುವವರಿಗೆ ಒಂದು ಸುಲಭದ ಗುರುತಿದೆ. ಬಾಟಲಿಯ ಮೇಲೆ ‘ಹೊಂಜೋಜೋ’ ಎಂದಿದ್ದರೆ ಹುದುಗಿಸಿದ್ದು ಮಾತ್ರ, ‘ಕೊಂಗೋ’ ಎಂದು ಶುರುವಾದರೆ ಬೆರಕೆ.

ಈ ಸಂದಿಯಲ್ಲಿಯೇ ‘ಮುತೆಂಕಾ’ ಅಂದರೆ ‘ಸೇರ್ಪಡೆ ರಹಿತ’ ಎಂಬ ವ್ಯಾಪಾರ ಬೆಳೆಯಿತು. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ‘ರಾಸಾಯನಿಕ ರುಚಿಕಾರಕ ಬಳಸಿಲ್ಲ’ ಎಂಬ ಘೋಷಣೆ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಯೀಸ್ಟ್ ಸಾರ. ಅಲ್ಲಿನ ಗ್ರಾಹಕ ವ್ಯವಹಾರಗಳ ಇಲಾಖೆ ಕಡೆಗೂ ಎಚ್ಚೆತ್ತುಕೊಂಡಿತು. 2020ರಲ್ಲಿ ಸೇರ್ಪಡೆಗಳಿಗೆ ಸಂಬಂಧಿಸಿದಂತೆ ‘ಕೃತಕ’, ‘ಸಂಶ್ಲೇಷಿತ’ ಎಂಬ ಪದಗಳನ್ನು ಲೇಬಲ್ ನಿಯಮದಿಂದ ಕೈಬಿಟ್ಟಿತು. 2022ರ ಮಾರ್ಚ್‌ನಲ್ಲಿ ‘ರಹಿತ’ ಘೋಷಣೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ತಿದ್ದಿಕೊಳ್ಳಲು 2024ರ ಮಾರ್ಚ್‌ವರೆಗೆ ಗಡುವು ಕೊಟ್ಟಿತು. ಅದೇ ಕೆಲಸ ಮಾಡುವ ಇನ್ನೊಂದು ಪದಾರ್ಥ ಹಾಕಿ ‘ಇದು ಹಾಕಿಲ್ಲ’ ಎಂದು ಬೀಗುವುದು ದಾರಿ ತಪ್ಪಿಸುವ ಲೇಬಲ್ ಆದೀತು ಎಂಬುದು ಅದರ ಒಂದು ತಿರುಳು. ಹೆಜ್ಜೆ ಸರಿಯಾದದ್ದೇ. ಆದರೆ ಯೀಸ್ಟ್ ಸಾರವನ್ನು ಗೆರೆಯ ಬಲಕ್ಕೆ ದಾಟಿಸುವ ಧೈರ್ಯವನ್ನು ಇಲಾಖೆ ತೋರಲಿಲ್ಲ. ಘೋಷಣೆ ಹಿಂದೆ ಸರಿದರೂ ಪದಾರ್ಥ ಇದ್ದಲ್ಲೇ ಇದೆ.

ನಮ್ಮಲ್ಲಿನ 2015ರ ಮ್ಯಾಗಿ ನೂಡಲ್ಸ್ ಪ್ರಕರಣ ನೆನಪಿರುವವರಿಗೆ ಇದು ಹೊಸ ಕಥೆಯೇನಲ್ಲ. ಸೀಸದ ಆರೋಪದ ಜೊತೆಗೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಸಾಲೂ ಅಲ್ಲಿ ವಿವಾದಕ್ಕೆ ಸಿಕ್ಕಿತ್ತು.

ಆರೋಗ್ಯದ ಭಯದ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಓದುಗರ ಪತ್ರದಿಂದ ಹುಟ್ಟಿದ ‘ಚೈನೀಸ್ ರೆಸ್ಟೊರೆಂಟ್ ಸಿಂಡ್ರೋಮ್’ ಎಂಬ ಹೆಸರಿಗೆ ಗಟ್ಟಿ ಆಧಾರ ಸಿಗಲಿಲ್ಲ. ಬರೀ ಹೊಟ್ಟೆಯಲ್ಲಿ ಒಮ್ಮೆಲೇ ಮೂರು ಗ್ರಾಂ ಮೀರಿ ತಿಂದರೆ ಕೆಲವರಿಗೆ ತಲೆನೋವು, ಮುಖ ಬಿಸಿಯಾದಂತಾಗುವುದು ಉಂಟು. ತುತ್ತಿನ ಜೊತೆ ಹೋಗುವುದು ಅದಕ್ಕಿಂತ ತೀರಾ ಕಡಿಮೆ. ಟೊಮೆಟೊದಲ್ಲಿ, ತಾಯಿಯ ಹಾಲಿನಲ್ಲಿ ಇರುವುದೂ ಇದೇ ಗ್ಲುಟಮೇಟ್. ನಾಲಿಗೆಗೆ ಅದು ಪಾಚಿಯದೋ ಕಾರ್ಖಾನೆಯದೋ ಗೊತ್ತಾಗುವುದಿಲ್ಲ. ‘ಒಂದು ಗುಟುಕಿಗೇ ಕಂಡುಹಿಡಿದೆ’ ಎನ್ನುವವರ ಮಾತನ್ನು ಅರ್ಧಕ್ಕರ್ಧ ಕಳೆದು ಕೇಳಬೇಕು. ಗುರುತು ಸಿಗುವುದೇನಿದ್ದರೂ ಮೂಗಿಗೆ. ಕತ್ಸುವೊಬುಶಿಯ ಹೊಗೆವಾಸನೆ ಇಲ್ಲದೆ ಬರೀ ರುಚಿಯಷ್ಟೇ ದಟ್ಟವಾಗಿದ್ದರೆ ಮೀನಿನ ಚಕ್ಕೆಗೆ ಕತ್ತರಿ ಬಿದ್ದಿದೆ ಎಂದು ಊಹಿಸಬಹುದು.

ನನ್ನ ತಕರಾರು ಇರುವುದೂ ಅಲ್ಲಿಯೇ. ರುಚಿವರ್ಧಕ ವಿಷವಲ್ಲ. ಅದು ಬೆಲೆಬಾಳುವ ಪದಾರ್ಥವನ್ನು ಕಡಿಮೆ ಹಾಕಿಯೂ ಹೆಚ್ಚು ಹಾಕಿದಂತೆ ತೋರಿಸುವ ಉಪಾಯ. ಆದ್ದರಿಂದ ಪಟ್ಟಿಯಲ್ಲಿ ನೋಡಬೇಕಾದದ್ದು ಎಂಎಸ್‌ಜಿ ಇದೆಯೇ ಎಂಬುದಕ್ಕಿಂತ ಕೊಂಬು, ಕತ್ಸುವೊಬುಶಿ ಎಷ್ಟನೆಯ ಸ್ಥಾನದಲ್ಲಿವೆ ಎಂಬುದನ್ನು. ಉಪ್ಪು, ಸಕ್ಕರೆ ಮುಂದಿದ್ದು ಮೀನು ಹಿಂದಿದ್ದರೆ ನೀವು ಕೊಂಡದ್ದು ಹೆಚ್ಚಾಗಿ ಉಪ್ಪು, ಸಕ್ಕರೆಯನ್ನೇ.

ಜಪಾನಿನಲ್ಲಿ ನೆಲೆಸಿರುವ ನಮ್ಮ ಸಸ್ಯಾಹಾರಿಗಳಿಗಂತೂ ಎಡಬದಿಯೇ ಪ್ರಾಣ. ಗ್ಲುಟಮೇಟನ್ನು ಈಗ ಸಾಮಾನ್ಯವಾಗಿ ಕಾಕಂಬಿಯಂಥ ಸಸ್ಯಮೂಲದ ಕಚ್ಚಾವಸ್ತುವನ್ನು ಹುದುಗಿಸಿ ತಯಾರಿಸುತ್ತಾರೆ, ಅದಕ್ಕೆ ಹೆದರಿ ಪೊಟ್ಟಣ ಬದಿಗಿಡಬೇಕಿಲ್ಲ. ಕತ್ಸುವೊ ಎಕಿಸು, ಚಿಕಿನ್ ಎಕಿಸು, ಪೋಕು ಎಕಿಸು (ಮೀನು, ಕೋಳಿ, ಹಂದಿಯ ಸಾರ) ಎಂಬ ಪದಗಳನ್ನು ಓದಲು ಕಲಿಯಬೇಕು. ತರಕಾರಿ ಚಿಪ್ಸ್‌ನಲ್ಲೂ ಅವು ನುಸುಳಿರುತ್ತವೆ. ಅಲರ್ಜಿ ಚೌಕವನ್ನಷ್ಟೇ ನೋಡಿ ನಿಶ್ಚಿಂತರಾಗುವಂತಿಲ್ಲ. ಏಕೆಂದರೆ ಕತ್ಸುವೊ ಮೀನು ಆ ಪಟ್ಟಿಯಲ್ಲೇ ಇಲ್ಲ.

ಹೋಟೆಲುಗಳಿಗೆ ಈ ಯಾವ ಲೇಬಲ್ ನಿಯಮವೂ ತಾಗುವುದಿಲ್ಲ. ರಾಮೆನ್ ಅಂಗಡಿಗಳ ಬಾಗಿಲಲ್ಲಿ ತೂಗುವ ‘ಮುಕಾಚೋ’, ಅಂದರೆ ರಾಸಾಯನಿಕ ರುಚಿಕಾರಕವಿಲ್ಲ ಎಂಬ ಫಲಕ ಮಾಲೀಕರ ಸ್ವಯಂಘೋಷಣೆ. 2022ರ ಮಾರ್ಗಸೂಚಿ ಪೊಟ್ಟಣದ ಆಹಾರಕ್ಕೆ ಮಾತ್ರ. ಅಂಥಲ್ಲಿ ‘ಅಜಿನೊಮೊಟೊ ಇದೆಯಾ?’ ಎನ್ನುವ ಬದಲು ‘ದಾಶಿ ಯಾವುದರದ್ದು, ತಾರೆ ನೀವೇ ಮಾಡಿದ್ದಾ?’ ಎಂದು ಕೇಳುವುದು ಮೇಲು. ತಾರೆ ಎಂದರೆ ಬಟ್ಟಲಿನ ತಳಕ್ಕೆ ಮೊದಲು ಹಾಕುವ ಗಟ್ಟಿ ಸಾಸ್. ಅದನ್ನು ಹೊರಗಿನಿಂದ ಕೊಂಡು ತಂದಿದ್ದರೆ, ಒಳಗಿರುವ ಡಬ್ಬಿಯ ಮೇಲೆ ಓರೆಗೆರೆ ಎಳೆದ ಅದೇ ಪಟ್ಟಿ ಇರುತ್ತದೆ. ತೋರಿಸಿ ಎಂದು ಕೇಳಬಹುದು.