ಬಿಗಿದ ಬಾಗಿಲು ಮತ್ತು ಅರ್ಥಶಾಸ್ತ್ರದ ಪದವಿ

ಹೋದ ವರ್ಷದ ಆಷಾಢದ ಒಂದು ರಾತ್ರಿ ನನ್ನ ಪತ್ನಿ ಬಚ್ಚಲುಮನೆಯೊಳಗೆ ಸಿಕ್ಕಿಬಿದ್ದರು. ವಾರವಿಡೀ ಸುರಿದ ಜಿಟಿಜಿಟಿ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು. ಒಳಗಿನಿಂದ ಅವರು ಎಳೆದರು, ಹೊರಗಿನಿಂದ ನಾನು ತಳ್ಳಿದೆ. ಕೊನೆಗೆ ಪಕ್ಕದ ಮನೆಯ ಯುವಕ ಬಂದು ಭುಜ ಕೊಟ್ಟಾಗ ಅದು ತೆರೆಯಿತು. ಬಾಗಿಲು ಬಿಗಿಯಾಗುತ್ತಿದೆ ಎಂದು ಅವರು ಹೇಳತೊಡಗಿ ಆಗಲೇ ಮೂರು ವಾರಗಳಾಗಿದ್ದವು. ಬಡಗಿಗೆ ನಾಲ್ಕು ಬಾರಿ ಫೋನು ಮಾಡಿದ್ದೇನೆ ಎಂಬುದು ನನ್ನ ಸಮಜಾಯಿಷಿ. ಸಂಬಂಧಪಟ್ಟವರಿಗೆ ತಿಳಿಸಲಾಗಿದೆ, ಕ್ರಮವನ್ನು ನಿರೀಕ್ಷಿಸಲಾಗಿದೆ! ಮೂರು ದಶಕ ಕಡತಗಳ ಮೇಲೆ ನಾನೇ ಬರೆದ ಒಕ್ಕಣೆಯದು.

ಬಡಗಿಯನ್ನು ದೂರುವಂತಿಲ್ಲ. ಅರ್ಧ ಗಂಟೆಯ ಕೆಲಸಕ್ಕಾಗಿ ಬೆಂಗಳೂರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಂದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ. ಮಾರುಕಟ್ಟೆಯಲ್ಲಿ ಏನನ್ನಾದರೂ ಪಡೆಯಲು ಅದರ ಬೆಲೆಯಷ್ಟೇ ಸಾಲದು, ಹುಡುಕುವ, ಒಪ್ಪಿಸುವ ವೆಚ್ಚವೂ ಇರುತ್ತದೆ. ಆ ವೆಚ್ಚ ಮಿತಿ ಮೀರಿದಾಗ ಕೆಲಸವನ್ನು ನಾವೇ ಮಾಡಿಕೊಳ್ಳುವುದು ಲಾಭಕರ ಎಂಬುದು ರೊನಾಲ್ಡ್ ಕೋಸ್ 1937ರಲ್ಲಿ ಬರೆದ ಪ್ರಬಂಧದ ತಿರುಳು. ಎಂ.ಎ. ಪರೀಕ್ಷೆಗಾಗಿ ಅದನ್ನು ಓದಿದ್ದ ನನಗೆ, ಅದು ನಮ್ಮ ಬಚ್ಚಲುಮನೆಗೂ ಅನ್ವಯಿಸುತ್ತದೆ ಎಂಬುದು ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ತೋಪಡಾ ಕೊಂಡು ತಂದೆ. ಅದು ಮೊದಲ ತಪ್ಪು. ಮರವು ತೇವವನ್ನು ಹೀರಿದಾಗ ಉದ್ದಕ್ಕೆ ಬಹುಮಟ್ಟಿಗೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ಮಳೆಗಾಲದಲ್ಲಿ ಅವಸರಪಟ್ಟು ಹೆರೆದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದೀತು. ಅಲ್ಲದೆ, ಎಲ್ಲ ಅಪರಾಧವೂ ಮಳೆಯದಲ್ಲ. ಬಾಗಿಲನ್ನು ಹಿಡಿಯಿಂದ ಮೇಲಕ್ಕೆತ್ತಿ ನೋಡಿದಾಗ ಅದು ಅಲುಗಾಡಿತು. ಮೇಲಿನ ಕೀಲಿನ ಎರಡು ಸ್ಕ್ರೂಗಳು ಹಿಡಿತ ಕಳೆದುಕೊಂಡು ಸುಮ್ಮನೆ ತಿರುಗುತ್ತಿದ್ದವು. ಬಾಗಿಲು ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು. ಅಡಿಗೆ ಬೆಣೆ ಕೊಟ್ಟು, ಸ್ಕ್ರೂ ಬಿಚ್ಚಿ, ಸವೆದ ತೂತುಗಳಿಗೆ ಅಂಟು ಸವರಿದ ಬಿದಿರಿನ ಸೀಳುಗಳನ್ನು ತುಂಬಿ, ಅಂಟು ಒಣಗಿದ ಮೇಲೆ ಮತ್ತೆ ಬಿಗಿದೆ. ತೊಂದರೆ ಮುಕ್ಕಾಲು ಪಾಲು ನೀಗಿತು. ಉಳಿದದ್ದಕ್ಕೆ ಚೌಕಟ್ಟಿನ ಒಳಬದಿಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಮುಚ್ಚಿ ತೆಗೆದೆ; ಅಂಚಿನಲ್ಲಿ ಬಿಳಿ ಮೆತ್ತಿದ ಕಡೆಯೇ ಉಜ್ಜುವ ಜಾಗ. ಅಲ್ಲಿಗೆ ಮೇಣದಬತ್ತಿ ತಿಕ್ಕಿದ್ದು ಮಳೆಗಾಲ ಕಳೆಯಲು ಸಾಕಾಯಿತು. ಸಂಕ್ರಾಂತಿಯ ನಂತರ, ಮರ ಒಣಗಿದಾಗ, ಆ ಜಾಗವನ್ನಷ್ಟೇ ತೆಳುವಾಗಿ ಹೆರೆದು, ಎಂದೂ ಬಣ್ಣ ಕಾಣದ ಮೇಲಿನ ಮತ್ತು ಕೆಳಗಿನ ಅಂಚುಗಳಿಗೂ ಬಣ್ಣ ಹಚ್ಚಿದೆ. ತೇವ ಒಳಹೊಗುತ್ತಿದ್ದುದು ಅಲ್ಲಿಂದಲೇ.

ಈ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಬಡಗಿ ಮಾಡಿದ್ದರೆ ಬರುತ್ತಿತ್ತು. ಗೃಹಿಣಿಯರ ದುಡಿಮೆಗೂ ಇದೇ ಗತಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ವ್ಯಯಿಸಿದರೆ, ಪುರುಷರು 97 ನಿಮಿಷ. ನಿವೃತ್ತರಾದ ನಮ್ಮಂಥವರು ಪತ್ರಿಕೆಯನ್ನು ಎರಡನೆಯ ಬಾರಿ ಓದುವ ಹೊತ್ತಿನಲ್ಲಿ ಈ ಅಂತರವನ್ನು ಸ್ವಲ್ಪವಾದರೂ ತಗ್ಗಿಸಬಹುದು.

ಹೀಗೆ ಮಾಡಿದರೆ ಬಡಗಿಯ ಅನ್ನ ಕಿತ್ತುಕೊಂಡಂತಾಗದೇ ಎಂದು ಮಿತ್ರರೊಬ್ಬರು ಕೇಳಿದರು. ಬರಲಾರದ ಕೆಲಸವನ್ನು ಕಿತ್ತುಕೊಳ್ಳುವುದು ಹೇಗೆ? ಬದಲಿಗೆ, ಸ್ವತಃ ಮೂರು ಗಂಟೆ ಬೆವರಿಳಿಸಿ ಒಂದು ಅಂಚನ್ನೂ ನೇರವಾಗಿ ಹೆರೆಯಲಾಗದ ಮೇಲೆ ಅವರ ಕೂಲಿಯಲ್ಲಿ ಚೌಕಾಸಿ ಮಾಡಲು ನನಗೆ ನಾಲಗೆ ಏಳುತ್ತಿಲ್ಲ. ನಮ್ಮಲ್ಲಿ ಪದವಿ ಪಡೆಯುವುದೆಂದರೆ ಕೈಕೆಲಸದಿಂದ ಬಿಡುಗಡೆ ಪಡೆಯುವುದು ಎಂದೇ ಅರ್ಥ. ಜಾತಿವ್ಯವಸ್ಥೆ ಕಲಿಸಿದ ಆ ಪಾಠವನ್ನು ಶಾಲೆಗಳು ಅಳಿಸಲಿಲ್ಲ, ಗಟ್ಟಿಗೊಳಿಸಿದವು. ಕೈಕಸುಬಿನ ಮೂಲಕವೇ ಶಿಕ್ಷಣ ನಡೆಯಲಿ ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮಂಡಿಸಿದ ವಿಚಾರವನ್ನು ನಾವು ಗೌರವದಿಂದ ಬದಿಗಿಟ್ಟೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥ ಕುಶಲಕರ್ಮಿಗಳ ಬಳಿ ಕಲಿಯಲಿ ಎನ್ನುತ್ತದೆ. ಅದು ಫೋಟೊ ತೆಗೆಸಿಕೊಳ್ಳುವ ಪ್ರವಾಸವಾಗದಿರಲಿ. ಶಾಲೆಗೊಂದು ಹಳೆಯ ಬಾಗಿಲು ಕೊಟ್ಟು, ಸರಿಪಡಿಸಿ ಎನ್ನಲಿ. ಕಲಿಸುವ ಬಡಗಿಗೆ ಗೌರವಧನವನ್ನೂ ಕೊಡಲಿ.

ಇನ್ನು ಹಿರಿಯರಿರುವ ಮನೆಗಳವರಿಗೆ ಒಂದು ಮಾತು. ಮುಂದಿನ ಮಳೆಗೆ ಮುನ್ನ ಬಚ್ಚಲುಮನೆಯ ಬಾಗಿಲನ್ನೊಮ್ಮೆ ಎತ್ತಿ ನೋಡಿ. ಅದು ಒಳಮುಖವಾಗಿ ತೆರೆಯುವುದಾದರೆ, ಒಳಗೆ ಯಾರಾದರೂ ಜಾರಿ ಬಿದ್ದಾಗ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ನಮ್ಮ ಮನೆಯ ಬಾಗಿಲನ್ನು ಹೊರಮುಖವಾಗಿ ತಿರುಗಿಸಿ ಕೂರಿಸಲು ಅದೇ ಬಡಗಿಯನ್ನು ಕರೆದಿದ್ದೆ. ಇಡೀ ದಿನದ ಕೆಲಸವಾದ್ದರಿಂದ ಅವರು ಬಂದರು. ನನ್ನ ಬಿದಿರಿನ ಸೀಳುಗಳನ್ನು ನೋಡಿ, ‘ಯಾರು ಸಾರ್ ಮಾಡಿದ್ದು, ಪರವಾಗಿಲ್ಲ’ ಎಂದರು. ಸೇವಾವಧಿಯಲ್ಲಿ ಬಂದ ಪ್ರಶಂಸಾಪತ್ರಗಳನ್ನು ಎಲ್ಲಿಟ್ಟಿದ್ದೇನೋ ನೆನಪಿಲ್ಲ. ಈ ಮಾತು ಮಾತ್ರ ಮರೆತಿಲ್ಲ.